ಗಂಟು ಇಳಿಸದೆ ಹಾಕುವ ಚಪ್ಪಲಿ

ನನ್ನ ಅಪ್ಪ, ಅಂದರೆ ನಮ್ಮ ಬ್ಯಾರಿ ಮಾತಿನಲ್ಲಿ ಬಾಪ, ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಮಾರುತ್ತಿದ್ದರು. ನಮ್ಮೂರು ಮಂಡೆಕೋಲಿನ ಸುತ್ತ ಗುಡ್ಡದ ಮೇಲೊಂದು ಮನೆ, ಕೆಳಗೊಂದು ಮನೆ. ಸೀರೆ, ರವಕೆಯ ಕಣ, ಮೈ ಒರೆಸುವ ಬೈರಾಸು ಎಲ್ಲ ಆ ಗಂಟಿನಲ್ಲಿ. ಹವಾಯಿ ಚಪ್ಪಲಿ ನಮ್ಮ ಕಡೆಗೆ ಹೊಸತಾಗಿ ಬರುತ್ತಿದ್ದ ಕಾಲ ಅದು. ಹೆಚ್ಚಿನವರಂತೆ ಬಾಪನೂ ಬರಿಗಾಲಲ್ಲೇ ನಡೆಯುತ್ತಿದ್ದರು.

ಒಂದು ಮಳೆಗಾಲದ ಕೊನೆಗೆ ಅವರ ಹಿಮ್ಮಡಿಗೆ ಕಡಿದ ಬಿದಿರಿನ ಕೂಳೆ ಹೊಕ್ಕಿತು. ಕೀವಾಗಿ, ಜ್ವರ ಬಂದು, ಪುತ್ತೂರಿನ ಡಾಕ್ಟರರು ಕೊಯ್ದು ಗುಣ ಮಾಡಬೇಕಾಯಿತು. ಹಿಮ್ಮಡಿ ಮುಚ್ಚುವ ಚಪ್ಪಲಿ ಇಲ್ಲದೆ ದಾರಿಗೆ ಇಳಿಯಬಾರದು, ಇನ್ನೊಮ್ಮೆ ಕೀವಾದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದರು.

ಸುಳ್ಯದ ಪೇಟೆಯಿಂದ ಟಯರಿನ ಅಟ್ಟೆಯ, ಹಿಂದೆ ಪಟ್ಟಿ ಬಿಗಿಯುವ ಚಪ್ಪಲಿ ತಂದೆವು. ಬೆಳಿಗ್ಗೆ ಅದನ್ನು ಹಾಕಿ ಹೊರಡುವ ಬಾಪ ಸಂಜೆ ಬರುವಾಗ ಚಪ್ಪಲಿ ಬೆನ್ನಿಗೆ ತೂಗುಹಾಕಿದ ಕೊಡೆಯ ಹಿಡಿಯಲ್ಲಿ ನೇತಾಡುತ್ತಿತ್ತು, ಕಾಲು ಬರಿದು. ನನಗೆ ಪಿತ್ತ ನೆತ್ತಿಗೇರಿತು. ಆಗ ನನ್ನದು ಮದುವೆಯ ಮಾತು ನಡೆಯುವ ಪ್ರಾಯ. ಮನೆಯಲ್ಲಿ ಹೊಲಿಗೆ ಯಂತ್ರ ಇತ್ತು, ನನ್ನ ಬಾಯಿ ಅದಕ್ಕಿಂತ ಜೋರು. ಬಾಪನನ್ನು ಕೂರಿಸಿ ಕೇಳಿಯೇ ಕೇಳಿದೆ.

ಸಂಗತಿ ಇಷ್ಟೆ. ಆಗ ಬಾಪ ವ್ಯಾಪಾರಕ್ಕೆ ಹೋಗುವ ದೊಡ್ಡ ಮನೆಗಳ ಅಂಗಳಕ್ಕೆ ಚಪ್ಪಲಿ ಹಾಕಿ ಇಳಿಯುವ ಕ್ರಮ ಇರಲಿಲ್ಲ, ನಮ್ಮಂತಹವರಿಗಂತೂ ಇಲ್ಲವೇ ಇಲ್ಲ. ವ್ಯಾಪಾರ ಮುಗಿದ ಮೇಲೆ ಮನೆಯವರು ಒಂದು ಕೈ ಕೊಟ್ಟು ಜಗಲಿಯಲ್ಲೇ ಗಂಟನ್ನು ತಲೆಗೇರಿಸುತ್ತಿದ್ದರು. ಹಾಗೆ ಹೊತ್ತು ಅಂಗಳದ ಬದಿಗೆ ಬಂದರೆ ಚಪ್ಪಲಿ ನೆಲದಲ್ಲಿ, ಕೈಯೆರಡೂ ಗಂಟಿನಲ್ಲಿ. ಪಟ್ಟಿ ಬಿಗಿಯುವುದು ಯಾರು? ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರೆ. ಬಾಪ ಬಗ್ಗಿದರೆ ಸೀರೆಗಳೆಲ್ಲ ಕೆಸರಿಗೆ. ಹಾಗಾಗಿ ಮೊದಲ ಮನೆಗಿಂತ ಮುಂಚೆಯೇ, ಹೊರೆ ಇಳಿಸುವ ಕಟ್ಟೆಯ ಬಳಿ ಚಪ್ಪಲಿ ಕಳಚಿ ಕೊಡೆಗೆ ಸಿಕ್ಕಿಸಿಬಿಡುತ್ತಿದ್ದರು. ಉಳಿದ ದಿನವೆಲ್ಲ ಬರಿಗಾಲು.

ಕೈ ತಾಗಿಸದೆ ಹಾಕುವ ಚಪ್ಪಲಿ ಆಗಬೇಕು, ಹಿಮ್ಮಡಿಯೂ ಮುಚ್ಚಬೇಕು. ಇದು ನನ್ನ ತಲೆಗೆ ಹೊಕ್ಕ ಮೇಲೆ ಊಟ ತಿಂಡಿ ಯಾವುದೂ ರುಚಿಸಲಿಲ್ಲ. ದಾರಿಯಲ್ಲಿ ಹೋಗುವವರ ಮುಖ ಬಿಟ್ಟು ಕಾಲನ್ನೇ ನೋಡುತ್ತ ಕೂತೆ. ಕಾಲು ಮೊದಲು ಬೆರಳನ್ನು ನುಗ್ಗಿಸುತ್ತದೆ, ಆಮೇಲೆ ಹಿಮ್ಮಡಿ ಇಳಿಯುತ್ತದೆ, ತಕರಾರೆಲ್ಲ ಹಿಮ್ಮಡಿಯದ್ದೇ. ಪಟ್ಟಿಯ ಬದಲು ಸೈಕಲ್ ಟ್ಯೂಬಿನ ತುಂಡು ಹಾಕಿದೆ; ಅದು ಮಡಚಿ ಅಡಿಗೆ ಹೋಯಿತು. ಮುರಿದ ಕೊಡೆಯ ಕಡ್ಡಿಯನ್ನು ಬಗ್ಗಿಸಿ ದಪ್ಪ ಬಟ್ಟೆಯೊಳಗೆ ಹೊಲಿದೆ; ಕಡ್ಡಿ ಹೊರಗೆ ಬಂದು ಚುಚ್ಚಿತು. ಮದುವೆಗೆ ನಿಂತವಳು ದಿನವಿಡೀ ಚಪ್ಪಲಿ ಹಿಡಿದು ಕೂತರೆ ಬಂದವರು ಎಂತ ಹೇಳಿಯಾರು ಎಂದು ಉಮ್ಮ ಗೊಣಗಿದರು. ಅಮ್ಮಂದಿರಿಗೆ ಅದೊಂದೇ ಚಿಂತೆ.

ಆ ಉಮ್ಮನೇ ಒಂದು ದಿನ ಅಡಿಕೆ ಹಾಳೆಯ ತುಂಡಿನಿಂದ ಅಕ್ಕಿಯನ್ನು ಡಬ್ಬಕ್ಕೆ ಸುರಿಯುತ್ತಿದ್ದರು. ಹಾಳೆಯ ಬಾಯಿ ಅಗಲವಾಗಿ ಹೊರಕ್ಕೆ ಬಾಗಿತ್ತು. ಅಕ್ಕಿ ತಾನಾಗಿ ಜಾರಿ ಇಳಿಯುತ್ತಿತ್ತು. ಅಯ್ಯೋ ದೇವರೇ, ಇಷ್ಟೇ ಅಲ್ಲವಾ ಅನಿಸಿತು ನನಗೆ. ಹಾಳೆಯನ್ನು ನೆನೆಸಿ, ಹೊರಕ್ಕೆ ಬಾಗಿದ ನಾಲಗೆಯ ಹಾಗೆ ಒಣಗಿಸಿ, ಎರಡು ಪದರ ಬಟ್ಟೆಯ ನಡುವೆ ಇಟ್ಟು ಚಪ್ಪಲಿಯ ಹಿಂಭಾಗಕ್ಕೆ ಹೊಲಿದೆ. ಪಾದದ ಮೇಲೆ ಟ್ಯೂಬಿನ ಅಗಲ ಪಟ್ಟಿ. ಹಾಳೆ ಹಾಳಾದರೆ ಬೇರೆ ಹಾಕಿದರಾಯಿತು, ಅಡಿಕೆ ತೋಟದ ಊರಿನಲ್ಲಿ ಹಾಳೆಗೆ ಎಂತ ಬರ?

ಬಾಪ ಗಂಟು ಹೊತ್ತು ಕಾಲಿಟ್ಟರು. ಬೆರಳು ನುಗ್ಗಿತು, ಹಿಮ್ಮಡಿ ಹಾಳೆಯ ಮೇಲೆ ಜಾರಿ ಬೆಣ್ಣೆಗೆ ಚೂರಿ ಇಳಿದ ಹಾಗೆ ಒಳಗೆ ಕೂತಿತು. ತೆಂಗಿನ ಮರಕ್ಕೆ ಸುತ್ತು ಹೊಡೆದು ಬಂದು, ಜಗಲಿಯಲ್ಲಿ ಕೂತು ಕೈಯಿಂದ ಕಳಚಿ ನಕ್ಕರು. ನನಗೆ ಕುಣಿಯುವಷ್ಟು ಖುಷಿ.

ಮರುದಿನ ಅವರು ಮಧ್ಯಾಹ್ನಕ್ಕೇ ಮನೆಗೆ ಬಂದರು. ಮೊದಲ ಮನೆಯ ಅಂಗಳದ ಬದಿಯಲ್ಲೇ ಸಿಕ್ಕಿಬಿದ್ದಿದ್ದರಂತೆ. ತಲೆಯ ಮೇಲೆ ಗಂಟು, ಕಾಲಿನ ಚಪ್ಪಲಿ ಏನು ಮಾಡಿದರೂ ಬಿಡುವುದಿಲ್ಲ. ಹಾಕುವುದನ್ನು ಮಾತ್ರ ಯೋಚಿಸಿದ್ದೆ. ತೆಗೆಯುವುದಕ್ಕೂ ಕೈ ಇಲ್ಲ ಎಂಬುದು ನನ್ನ ಬುದ್ಧಿವಂತ ತಲೆಗೆ ಹೊಳೆದಿರಲಿಲ್ಲ. ಒದ್ದಾಡುವುದನ್ನು ನೋಡಿ ಆ ಮನೆಯ ಅಜ್ಜಿ ಕೋಲೂರಿ ಹೊರಗೆ ಬಂದರಂತೆ. ವಿಷಯ ಕೇಳಿ, "ಹಾಕಿಕೊಂಡೇ ಬನ್ನಿ ಮಾರಾಯ್ರೆ, ಅಂಗಳ ಎಂತ ಸವೆದು ಹೋಗುದಾ?" ಎಂದರಂತೆ. ಬಾಪ ಒಪ್ಪಲಿಲ್ಲ. ಕೊನೆಗೆ ಅಜ್ಜಿಯೇ ಕೋಲಿನ ತುದಿಯಿಂದ ಅಟ್ಟೆಯ ಹಿಂಬದಿಯನ್ನು ಒತ್ತಿ ಹಿಡಿದರು, ಬಾಪ ಕಾಲು ಎಳೆದರು, ಚಪ್ಪಲಿ ಬಿಟ್ಟಿತು.

ಕೋಲಿನ ಮಾತು ಕೇಳಿದ ಕೂಡಲೇ ಉಪಾಯ ಹೊಳೆಯಿತು: ಅಟ್ಟೆಯ ಹಿಂದೆ ಹೆಬ್ಬೆರಳಿನಷ್ಟು ಬಾಲ ಬಿಟ್ಟರೆ ಇನ್ನೊಂದು ಕಾಲಿನಿಂದ ಮೆಟ್ಟಿ ಕಳಚಬಹುದು. ಆದರೆ ಅದರ ಜೊತೆಗೇ ನನ್ನ ಮೇಲೆ ನನಗೇ ಸಿಟ್ಟು ಬಂತು. ಚಪ್ಪಲಿಯ ಬಗ್ಗೆ ಇಷ್ಟೆಲ್ಲ ಕೇಳಿದವಳು, ಅದನ್ನು ತೆಗೆಯಲೇಬೇಕಾ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

"ಅವರೇ ಹಾಕಿಕೊಂಡು ಬನ್ನಿ ಅಂದ ಮೇಲೆ ತೆಗೆಯುದು ಎಂತಕ್ಕೆ ಬಾಪ?"

ಬಾಪ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಇಷ್ಟು ದಿನ ತೆಗೀಲೇಬೇಕು ಅಂತ ತೆಗೆದದ್ದು. ಇವತ್ತು ಅವರು ಬೇಡ ಅಂದ್ರಲ್ಲ ಮಗಳೇ, ಹಾಗೆ ನಾನಾಗಿ ತೆಗೆದೆ."

ನನಗೆ ಅಳು ಬಂತು. ದಬ್ಬಣ, ಟಯರಿನ ತುಂಡು ತೆಗೆದುಕೊಂಡು ಕೂತು ಎರಡೂ ಚಪ್ಪಲಿಗೆ ಬಾಲ ಜೋಡಿಸುವ ಕೆಲಸ ಹಿಡಿದೆ.

ಆ ಹಿಮ್ಮಡಿ ಮತ್ತೆ ಒಡೆಯಲಿಲ್ಲ. ಉಳಿದ ಮನೆಗಳಲ್ಲಿ ಯಾರೂ ಅಜ್ಜಿಯ ಹಾಗೆ ಹೇಳಲಿಲ್ಲ. ಅಲ್ಲಿಯೂ ಬಾಪ ಚಪ್ಪಲಿ ಕಳಚಿಯೇ ಅಂಗಳಕ್ಕೆ ಇಳಿಯುತ್ತಿದ್ದರು. ಆದರೆ ಕಳಚುವಾಗಲೂ ಹಾಕುವಾಗಲೂ ಅವರು ಬಗ್ಗಬೇಕಾಗಿರಲಿಲ್ಲ.