ಕಣದ ಮೇಲೆ ಬಂದ ಬಳ್ಳಾರಿ ರಸ್ತೆ

ಚಿನ್ನು, ಪುಟ್ಟಿ, ಒಂದು ಸುಗ್ಗಿಯಲ್ಲಿ ಬಳ್ಳಾರಿ ರಸ್ತೆ ನಮ್ಮ ಕಣದ ಮೇಲೆ ಹಾದುಹೋಗಿತ್ತು ಅಂದರೆ ನೀವು ನಗುತ್ತೀರಿ. ಎದುರಿಗೆ ಕೂತು ಹೇಳಲು ನಿಮ್ಮ ಅಜ್ಜಿಗೆ ಮಾತು ಓಡುವುದಿಲ್ಲ, ನಿಮಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ರಾಜಾನುಕುಂಟೆ ಕಡೆಯಿಂದ ಮದುವೆಯಾಗಿ ಬಂದ ವರ್ಷ ಅದು. ನಮ್ಮ ಊರು ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ರಸ್ತೆಯ ಪಕ್ಕದಲ್ಲೇ. ಆಗ ಆ ರಸ್ತೆಯಲ್ಲಿ ಎರಡು ಗಾಡಿ ಎದುರಾದರೆ ಒಂದು ಮಣ್ಣಿಗಿಳಿಯಬೇಕಿತ್ತು. ಅದನ್ನು ಅಗಲ ಮಾಡಿ ಡಾಂಬರು ಹಾಕುವ ಕೆಲಸ ಶುರುವಾಗಿತ್ತು. ಕೆರೆಯ ಕೋಡಿ ನೀರು ಹರಿಯುವ ಹಳೆಯ ಮೋರಿಯನ್ನು ಒಡೆದು ದೊಡ್ಡದಾಗಿ ಕಟ್ಟುತ್ತಿದ್ದರು. ಅದು ಮುಗಿಯುವವರೆಗೆ ಗಾಡಿಗಳು ಸುತ್ತಿಕೊಂಡು ಹೋಗಲು ಗಟ್ಟಿ ನೆಲ ಬೇಕಿತ್ತು. ಸುತ್ತ ಎಲ್ಲಾ ಹೊಲದ ಮೆತ್ತನೆಯ ಮಣ್ಣು. ಗಟ್ಟಿಯಾಗಿದ್ದದ್ದು ನಾವು ರಾಗಿ ಒಕ್ಕುತ್ತಿದ್ದ ಕಣ ಒಂದೇ.

ದೀಪಾವಳಿಗೆ ಮುಂಚೆ ರಸ್ತೆಯ ಮೇಸ್ತ್ರಿ ಬಂದು ಮಾವನವರ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಂಡ. "ಯಜಮಾನ್ರೇ, ಹದಿನೈದೇ ದಿನ. ಕೊಯ್ಲು ಮುಗಿಯೋದ್ರಲ್ಲಿ ನಿಮ್ಮ ಕಣ ನಿಮಗೆ" ಅಂದ. ಮಾವನವರು ಹೂಂ ಅಂದರು.

ಕೊಯ್ಲು ಮುಗಿಯಿತು. ತೆನೆಯ ಮೆದೆ ಮನೆಯೆತ್ತರ ನಿಂತಿತು. ಮೋರಿಗೆ ಮಾತ್ರ ಒಂದು ಕಡೆಯ ಗೋಡೆಯೂ ಪೂರ್ತಿ ಎದ್ದಿರಲಿಲ್ಲ. ಮೇಸ್ತ್ರಿಯನ್ನು ಕೇಳಿದರೆ "ಸಿಮೆಂಟು ಬರ್ಬೇಕು" ಅನ್ನುತ್ತಿದ್ದ. ಮನೆಯಲ್ಲಿ ಹನ್ನೆರಡು ಜನ. ನೆಲದೊಳಗೆ ಹಳೆಯ ರಾಗಿ ತುಂಬಿಟ್ಟಿದ್ದ ಹಗೇವಿನ ತಳ ಕಾಣುತ್ತಿತ್ತು. ಇನ್ನು ಕಾಯುವ ಹಾಗಿರಲಿಲ್ಲ. ಮಾವನವರು ಕಣದ ನಡುವೆ ಹಗ್ಗ ಎಳೆದು, ಅರ್ಧ ರಸ್ತೆಗೆ, ಅರ್ಧ ರಾಗಿಗೆ ಅಂದರು. ಊರಿನ ಆಳುಗಳೆಲ್ಲ ಜಲ್ಲಿ ಒಡೆಯುವ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಉಳಿದ ನಾಲ್ಕು ಜನ ಎರಡರಷ್ಟು ರಾಗಿ ಕೂಲಿ ಕೇಳಿದರು. ಅವರನ್ನೇ ಇಟ್ಟುಕೊಂಡು, ಬಾಡಿಗೆ ಎತ್ತು ಕಟ್ಟಿ ಒಕ್ಕಣೆ ಶುರುಮಾಡಿದೆವು.

ಮೊದಲ ರಾಶಿ ಬಿದ್ದ ದಿನವೇ ತಕರಾರು ಎದ್ದಿತು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಕಣದಲ್ಲಿ ರಾಶಿ ಇರುವಾಗ ಅಲ್ಲಿಗೆ ಬಂದವರು ಯಾರೇ ಆಗಲಿ, ಒಂದು ಬೊಗಸೆ ರಾಗಿ ಕೊಟ್ಟೇ ಕಳಿಸಬೇಕು. ಕೊಡುವುದು ಹೊಸ ಸೊಸೆಯ ಕೈ. ಅತ್ತೆ ಮೊರದಲ್ಲಿ ರಾಗಿ ತುಂಬಿ ನನ್ನ ಕೈಗಿಟ್ಟು ಹಗ್ಗದ ಪಕ್ಕ ನಿಲ್ಲಿಸಿದರು.

"ಹೋಗೋ ಬರೋ ಲಾರಿಗೆಲ್ಲ ಕೊಡ್ತೀಯಾ?" ಎಂದು ಮಾವ ಅತ್ತೆಯನ್ನು ಕೇಳಿದರು.

"ಲಾರಿಗೆ ಕೈ ಎಲ್ಲೈತೆ? ಓಡ್ಸೋನಿಗೆ ಐತಲ್ಲ, ಅವನಿಗೆ ಕೊಡ್ತೀನಿ."

"ಈ ರಾಶಿ ಮುಂದಿನ ಸುಗ್ಗಿ ಗಂಟ ಬರ್ಬೇಕು. ಇಂಗೆ ಹಂಚಿದ್ರೆ ಯುಗಾದಿಗೇ ಮುಗೀತದೆ."

"ಕಣ ಬಿಟ್ಕೊಟ್ಟೋರು ನೀವು. ಬಂದೋರ್ನ ಬರಿಗೈಲಿ ಕಳ್ಸಾಕೆ ನನ್ನ ಕೈಲಾಗಲ್ಲ."

ಎತ್ತಿನ ಗಾಡಿಯವರಿಗೆ ಹೇಳಿಕೊಡಬೇಕಿರಲಿಲ್ಲ. ಟವೆಲು ಒಡ್ಡಿ ಈಸಿಕೊಂಡು, ಕಣ್ಣಿಗೊತ್ತಿಕೊಂಡು ಹೋದರು. ಕಷ್ಟವಾದದ್ದು ಬಸ್ಸು. ನಾನು ತಲೆ ತಗ್ಗಿಸಿ, ಬೊಗಸೆ ಚಾಚಿ ನಿಂತೆ. ಬಸ್ಸು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಬಗ್ಗಿ, "ಎಲ್ಲಿಗಮ್ಮಾ?" ಅಂದ. ಬೊಗಸೆಯನ್ನು ಇನ್ನಷ್ಟು ಮುಂದೆ ಚಾಚಿದೆ. "ರಾಗಿಗೆಲ್ಲ ಟಿಕೆಟ್ ಕೊಡಲ್ಲಮ್ಮಾ" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಒಳಗಿದ್ದ ಒಬ್ಬ ಮುದುಕಿ, "ಅದು ಸುಗ್ಗಿ ರಾಗಿ, ಬೇಡ ಅನ್ಬಾರ್ದು, ಈಸ್ಕೊಳ್ಳಯ್ಯಾ" ಎಂದು ಗದರಿದರು. ಅವನು ತನ್ನ ಚರ್ಮದ ಚೀಲದ ಬಾಯಿ ಅಗಲಿಸಿದ. ಆಮೇಲೆ ನೋಡಿ, ಕಿಟಕಿಗೊಂದರಂತೆ ಕೈಗಳು ಹೊರಗೆ ಬಂದವು. ಒಂದು ಮಗು ಟೋಪಿ ಒಡ್ಡಿತು. ಮೊರ ಬರಿದಾಯಿತು.

ಎರಡನೇ ದಿನ ಸಂಜೆಗೆ ರಾಶಿ ಇಳಿದದ್ದು ಕಣ್ಣಿಗೇ ಕಾಣುತ್ತಿತ್ತು. ಆಳುಗಳ ಪಾಲು ಬೇರೆ ಹೋಗಬೇಕು. ನಾನು ಹೆದರಿ ಬೊಗಸೆಯನ್ನು ಸ್ವಲ್ಪ ಸ್ವಲ್ಪವೇ ಚಿಕ್ಕದು ಮಾಡಿದೆ. ಅತ್ತೆ ಅದನ್ನು ದೂರದಿಂದಲೇ ಗಮನಿಸಿದರು. "ಏನ್ ಮಗಾ, ಬೆಳಗ್ಗೆಯಿಂದ ನಿನ್ನ ಕೈ ಸಣ್ಣಗಾಯ್ತಾ ಐತೆ?" ಅಂದರು. ಬೈಗುಳವಲ್ಲ ಅದು. ಆದರೂ ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಮಾವ ಹೇಳಿದ್ದೂ ಸುಳ್ಳಲ್ಲ, ಅತ್ತೆ ಹೇಳಿದ್ದೂ ಸುಳ್ಳಲ್ಲ.

ಮೂರನೇ ದಿನ ಮೆದೆಯಿಂದ ಎರಡು ಹೊರೆ ತೆನೆ ಜಾರಿ ಹಗ್ಗದಾಚೆ ಬಿದ್ದಿತ್ತು. ಅದರ ಮೇಲೆ ಬಸ್ಸೊಂದು ಹೋಯಿತು, ಹಿಂದೆಯೇ ಆಲೂಗಡ್ಡೆ ಲಾರಿ. ಎತ್ತಿಡಲು ಹೋದರೆ ನನ್ನ ಕೈಗೆ ಬಂದದ್ದು ಬರೀ ಹುಲ್ಲು. ಕಾಳೆಲ್ಲ ಉದುರಿ ನೆಲದ ಮೇಲಿತ್ತು. ಎತ್ತುಗಳು ಸುತ್ತಿ ಸುತ್ತಿ ತುಳಿದರೂ ಇಷ್ಟು ಚೆನ್ನಾಗಿ ಬಿಡುತ್ತಿರಲಿಲ್ಲ. ಮಾವನವರ ಎದುರು ಸೊಸೆ ಮಾತಾಡುವ ಕಾಲವಲ್ಲ ಅದು. ಅತ್ತೆಯ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ.

"ಅತ್ತೆಮ್ಮ, ಹಗ್ಗ ತೆಗೆದುಬಿಡಣ. ತೆನೇನ ಅವರ ದಾರೀಲೇ ಹರವಣ. ಬಂದೋರೇ ತುಳ್ಕೊಂಡು ಹೋಗ್ಲಿ. ಆಳಿಗೆ, ಎತ್ತಿಗೆ ಕೊಡೋ ರಾಗೀನೇ ಅವರಿಗೆ ಕೊಟ್ಟಂಗಾಯ್ತದೆ."

ಅತ್ತೆ ನನ್ನನ್ನೇ ನೋಡಿದರು. ಆ ಮನೆಗೆ ಬಂದ ಮೇಲೆ ನಾನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಆಮೇಲೆ ಮಾವನವರ ಹತ್ತಿರ ಹೋಗಿ, ತಮ್ಮದೇ ಯೋಚನೆ ಅನ್ನುವ ಹಾಗೆ ಹೇಳಿದರು.

"ಕಣದಾಗೆ ಕಾಲಿಗೆ ಮೆಟ್ಟು ಹಾಕಬಾರ್ದು ಅಂತೀಯ, ಟೈರು ಓಡಾಡ್ಬೋದಾ?" ಅಂದರು ಮಾವ.

"ಕಾಲು ತೊಳ್ಕೊಂಡು ಬರ್ಲಿ."

ತಮಾಷೆಯಲ್ಲ. ಕಣದ ಅಂಚಿನಲ್ಲಿ ನೀರಿನ ಕೊಳಗ ಇಟ್ಟೆವು. ಬಂದ ಬಸ್ಸು ಲಾರಿಗಳ ಚಕ್ರಕ್ಕೆಲ್ಲ ನಾನು ಒಂದೊಂದು ಚೊಂಬು ನೀರು ಎರಚುವುದು, ಅವು ತೆನೆಯ ಮೇಲೆ ನಿಧಾನವಾಗಿ ಹೋಗುವುದು, ಆ ತುದಿಯಲ್ಲಿ ಅತ್ತೆ ಬೊಗಸೆ ರಾಗಿ ಕೊಡುವುದು. ಆಳುಗಳು ತಾವೇ ನಗುತ್ತಾ ಜಲ್ಲಿ ಕೆಲಸಕ್ಕೆ ಹೋದರು.

ಮಾರನೆಯ ದಿನದ ಹೊತ್ತಿಗೆ ಗಾಡಿಗಳ ಸಾಲು ಕೆರೆ ಏರಿಯವರೆಗೆ ನಿಂತಿತು. ರಸ್ತೆಯ ಓವರ್‌ಸಿಯರ್ ಸೈಕಲ್ಲು ತುಳಿದುಕೊಂಡು ಬಂದರು, ಮುಖ ಕೆಂಪಗೆ ಮಾಡಿಕೊಂಡು.

"ಯಾರ್ರೀ ಇಲ್ಲಿ ಗಾಡಿ ನಿಲ್ಲಿಸ್ತಿರೋದು?"

ಚೊಂಬು ಹಿಡಿದು ಲಾರಿಯ ಮುಂದೆ ನಿಂತಿದ್ದವಳು ನಾನು. ಅತ್ತೆ ಅಲ್ಲಿಂದಲೇ ಹೇಳಿದರು, "ಕಾಲು ತೊಳೀತಾವ್ಳೆ ಸ್ವಾಮಿ."

"ಯಾರ ಕಾಲು?"

"ಲಾರೀದು."

ಬಸ್ಸಿನ ಜನ ಕಿಟಕಿಯಲ್ಲಿ ಕತ್ತು ಹಾಕಿ ಕಾಯುತ್ತಿದ್ದರು. ಓವರ್‌ಸಿಯರ್ ಕಣವನ್ನು ನೋಡಿದರು, ಹರವಿದ ತೆನೆ ನೋಡಿದರು. ಇವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಮತ್ತೆ ಆಳು, ಮತ್ತೆ ಬಾಡಿಗೆ ಎತ್ತು, ಮತ್ತೆ ಕರಗುವ ರಾಶಿ. ಚೊಂಬು ಕೆಳಗಿಟ್ಟು, ರಾಶಿಯಿಂದ ಬೊಗಸೆ ತುಂಬ ರಾಗಿ ತಂದು ಅವರ ಮುಂದೆ ಹಿಡಿದೆ. ಸಣ್ಣ ಬೊಗಸೆಯಲ್ಲ, ಪೂರ್ತಿ ಬೊಗಸೆ.

ಅವರು ಕೈ ಚಾಚಿದವರು ತಟ್ಟನೆ ನಿಂತರು. ಕೆಳಗೆ ನೋಡಿಕೊಂಡರು. ಬಗ್ಗಿ ಬೂಟು ಬಿಚ್ಚಿ, ಲೇಸು ಕಟ್ಟಿ ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿ, ಬರಿಗಾಲಲ್ಲಿ ಬಂದು ಕರವಸ್ತ್ರದಲ್ಲಿ ರಾಗಿ ಈಸಿಕೊಂಡರು.

"ಒಬ್ಬರು ತೊಳೆದರೆ ಸಂಜೆಯಾದ್ರೂ ಮುಗಿಯಲ್ಲಮ್ಮಾ" ಅಂದರು. ತಮ್ಮ ಆಳುಗಳಿಬ್ಬರಿಗೆ ಬಕೆಟ್ಟು ಕೊಟ್ಟು ಚಕ್ರಕ್ಕೆ ನೀರು ಹಾಕಲು ನಿಲ್ಲಿಸಿದರು. ಇನ್ನಿಬ್ಬರಿಗೆ ಕೆಂಪು ಬಟ್ಟೆ ಕೊಟ್ಟು, ಆ ಕಡೆಯಿಂದ ಐದು ಗಾಡಿ, ಈ ಕಡೆಯಿಂದ ಐದು ಗಾಡಿ ಬಿಡಲು ಹೇಳಿದರು. ಸಾಲು ಕರಗಿತು. ಯಾರೋ, ರಸ್ತೆಯ ರೋಲರ್ರನ್ನೇ ಒಂದು ಸಲ ಓಡಿಸಿಬಿಡಿ ಅಂದರು. "ಅದು ಬಂದ್ರೆ ರಾಗಿ ಹಿಟ್ಟಾಗೇ ಏಳ್ತದೆ, ನಮ್ಮ ಉಡುಗಿಗೆ ಬೀಸೋ ಕೆಲಸ ತಪ್ತದೆ" ಅಂದರು ಅತ್ತೆ.

ಹದಿನೈದು ದಿನದ ಒಕ್ಕಣೆ ಐದು ದಿನಕ್ಕೆ ಮುಗಿಯಿತು. ಕೊನೆಗೆ ರಾಶಿ ತೂರಿ ಹಗೇವಿಗೆ ಸುರಿದಾಗ ಬಾಯಿಯವರೆಗೆ ಬಂತು. ಮುಂದಿನ ವರ್ಷ ಹೊಸ ತೆನೆ ಕಾಣಿಸಿದಾಗಲೂ ತಳದಲ್ಲಿ ಮೊಣಕಾಲುದ್ದ ರಾಗಿ ಉಳಿದಿತ್ತು. ಮಾವನವರೇ ಇಳಿದು ನೋಡಿ ಬಂದು, ಜಗಲಿಯಲ್ಲಿ ಕೂತವರಿಗೆಲ್ಲ ಅತ್ತೆಯನ್ನು ತೋರಿಸಿ "ನಮ್ಮ ಮನೆಯೋಳ ತಲೆ" ಎಂದು ಹೇಳಿಕೊಂಡರು. ಬದುಕಿರುವವರೆಗೂ ಹಾಗೆಯೇ ಹೇಳುತ್ತಿದ್ದರು.

ಅತ್ತೆ ತಿದ್ದಲಿಲ್ಲ. ತಿದ್ದಿದ್ದರೆ ಅಷ್ಟು ಜನರ ಎದುರು ನಾನು ಅಡುಗೆಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು. ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, "ನಿನ್ನ ಮಾತು ನನ್ತಾವ ಐತೆ, ಬೇಕಾದಾಗ ಕೇಳಿ ಈಸ್ಕೊ" ಅಂದರು. ನಾನು ಕೇಳಲೇ ಇಲ್ಲ. ಈಗ ಅವರೂ ಇಲ್ಲ, ಮಾವನವರೂ ಇಲ್ಲ, ನಿಮ್ಮ ತಾತನೂ ಇಲ್ಲ. ಅದಕ್ಕೆ ಇಲ್ಲಿ ಬರೆದುಕೊಂಡಿದ್ದೇನೆ, ಹಗ್ಗ ತೆಗೆಯೋಣ ಅಂದವಳು ನಾನು. ಬೇರೆಲ್ಲೂ ಇದು ಬರೆದಿಲ್ಲ. ಈ ಹಾಳೆಗಳನ್ನು ನೀರು ತಾಕದ ಕಡೆ, ಇಲಿ ಮುಟ್ಟದ ಹಾಗೆ ಎತ್ತಿಡಿ. ಯಾರಿಗಾದರೂ ಓದಿ ಹೇಳಬೇಕು ಅನ್ನಿಸಿದರೆ ಹೇಳಿ, ಬೇಡ ಅನ್ನುವುದಿಲ್ಲ. ನಾನು ಆಚೆ ಹೋಗಿರುವಾಗ ಹೇಳಿ, ಅಷ್ಟೇ.