ಮಾರುವ ಟೈರಿನಲ್ಲೇ ಓಡಲಿ

ಕಾರುಗಳನ್ನು ಓಡಿಸಿ ನೋಡಿ ಬರೆಯುವ ನಮ್ಮ ಕ್ಷೇತ್ರದಲ್ಲಿ ವೇಗಕ್ಕೆ ಹೆಸರಾದವರುಂಟು, ಮಾತಿನ ಸೊಗಸಿಗೆ ಹೆಸರಾದವರುಂಟು. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪತ್ರಿಕೆಯ ಹಿರಿಯ ಪರೀಕ್ಷಕರು ಹೆಸರಾದದ್ದು ಹಟಕ್ಕೆ. ಸೂಪರ್‌ಕಾರೊಂದು ಟ್ರ್ಯಾಕಿಗೆ ಬಂದಿಳಿದರೆ ಉಳಿದವರು ಅದರ ಅಂದಕ್ಕೆ ಬಾಯಿ ಬಿಡುತ್ತಿದ್ದರು. ಇವರು ಚಕ್ರದ ಪಕ್ಕ ಮೊಣಕಾಲೂರಿ, ರಬ್ಬರಿಗೆ ಉಗುರು ಒತ್ತಿ ನೋಡುತ್ತಿದ್ದರು. 'ಟೈರ್ ಮೇಷ್ಟ್ರು' ಎಂಬ ಹೆಸರು ಬಿದ್ದದ್ದು ಹಾಗೆ.

ಮೆತ್ತನೆಯ ರಬ್ಬರು ನೆಲವನ್ನು ಬಿಗಿಯಾಗಿ ಹಿಡಿದು ಟ್ರ್ಯಾಕಿನ ಒಂದು ಸುತ್ತಿನಲ್ಲಿ ಎರಡು ಮೂರು ಸೆಕೆಂಡು ಉಳಿಸುತ್ತದೆ, ಅಷ್ಟೇ ಬೇಗ ಸವೆದೂ ಹೋಗುತ್ತದೆ. ಪರೀಕ್ಷೆಗೆಂದೇ ಅಂಥ ಟೈರು ಹಾಕಿ ಕಳಿಸಿ ಕಂಪನಿಗಳು ಬೀಗುತ್ತಿದ್ದ ಕಾಲದಲ್ಲಿ, ಗಿರಾಕಿಗೆ ಕೊಡುವ ಟೈರಿನಲ್ಲಿ ಓಡದ ಕಾರಿಗೆ ನಮ್ಮ ವೇಗದ ದಾಖಲೆಗಳ ಪಟ್ಟಿಯಲ್ಲಿ ಜಾಗವಿಲ್ಲವೆಂದು ನಿಯಮ ಮಾಡಿದವರು ಇವರು. ಅಚ್ಚಾಗುವ ಮುನ್ನ ಯಾರಿಗೂ ಫಲಿತಾಂಶದ ಸುಳಿವು ಕೊಡಬಾರದೆಂಬುದೂ ಇವರದೇ ನಿಯಮ. ಹೊಸದಾಗಿ ಸೇರಿದವಳೊಬ್ಬಳು ಟೈರಿನ ಗಾಳಿ ಅಳೆಯದೆ ಕಾರು ಬಿಟ್ಟ ದಿನ, ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡು ಇಡೀ ಪರೀಕ್ಷೆಯನ್ನು ಮೊದಲಿನಿಂದ ನಡೆಸಿದರು. ಅವಳೇ ಈ ಲೇಖನ ಬರೆಯುತ್ತಿರುವುದು.

ಮದುವೆಯಾಗದ ಮೇಷ್ಟ್ರಿಗೆ ಭಾನುವಾರವೆಂದರೆ ಅಕ್ಕನ ಮನೆ. ಎಂಜಿನ್ ಬಿಚ್ಚಿ ಜೋಡಿಸುವುದನ್ನು ಅವರಿಗೆ ಕಲಿಸಿದ ಭಾವ ಕಾರು ಕಂಪನಿಯೊಂದರ ಮುಖ್ಯ ಎಂಜಿನಿಯರಾಗಿದ್ದರು. ಹನ್ನೆರಡು ವರ್ಷಗಳ ಹಿಂದೆ ಆ ಕಂಪನಿಯ ಕಾರೇ ಪರೀಕ್ಷೆಗೆ ಬಂತು.

"ಇದನ್ನ ಬೇರೆಯವರಿಗೆ ಕೊಡಿ ಸಾರ್" ಎಂದು ಮೇಷ್ಟ್ರು ಸಂಪಾದಕರನ್ನು ಬೇಡಿಕೊಂಡರು.

"ನೀವು ಬಿಟ್ರೆ ಟೈರ್ ಯಾರ್ರೀ ನೋಡ್ತಾರೆ?" ಎಂದರು ಸಂಪಾದಕರು.

ಕಾರು ದಾಖಲೆ ಮುರಿಯಿತು. ಟೈರು ಮಾತ್ರ ಯಾವ ಷೋರೂಮಿನಲ್ಲೂ ಸಿಗುವಂಥದ್ದಲ್ಲ. ದಾಖಲೆ ಪಟ್ಟಿಗೆ ಸೇರದೆಂದೂ ಏಕೆ ಸೇರದೆಂದೂ ಅಚ್ಚಾಯಿತು. ಭಾವನ ಹುದ್ದೆ ಹೋಯಿತು. ಅಂದಿನಿಂದ ಮೇಷ್ಟ್ರು ಭಾನುವಾರವೂ ಕಚೇರಿಗೆ ಬಂದು, ಹಳೆಯ ಸಂಚಿಕೆಗಳ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಒಬ್ಬರೇ ಉಣ್ಣತೊಡಗಿದರು. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಈ ಬೀಳ್ಕೊಡುಗೆ ಸಂಪುಟಕ್ಕೆಂದು ಕಳೆದ ವಾರ ಅವರ ಭಾವನನ್ನು ಕಂಡೆ. "ಅವನು ಬರೆದಿದ್ದು ಸರಿಯಾಗೇ ಇತ್ತಮ್ಮ. ಟೈರ್ ಹಾಕ್ಸಿದ್ದು ನಾನೇ. ಆದ್ರೆ ಪತ್ರಿಕೆ ನೋಡಿ ನಂಗೆ ಗೊತ್ತಾಗ್ಬೇಕಿತ್ತಾ? ಒಂದು ಫೋನ್ ಮಾಡ್ಬಾರ್ದಿತ್ತಾ?" ಎಂದರು.

ಮೇಷ್ಟ್ರಿಗೆ ಹೇಳಿದೆ.

"ಬೇರೆ ಕಂಪನಿಯವರಿಗೆ ಮಾಡ್ತಿರ್ಲಿಲ್ವಲ್ಲಮ್ಮ" ಎಂದರು. "ಆಮೇಲೆ ಮಾಡೋಕೆ ನಂಗೆ ಮುಖ ಇರ್ಲಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡು, "ಅಕ್ಕ ಹೇಗಿದಾಳೆ?" ಎಂದು ಕೇಳಿದರು.

ಮೇಷ್ಟ್ರು ಆಯುರಾರೋಗ್ಯದಿಂದ ಬಾಳಲಿ. ಮುಂದಿನ ಪರೀಕ್ಷಕರಿಗೆ ಅವರ ಕಣ್ಣೂ ಕೈಯೂ ಬಹುಕಾಲ ದೊರೆಯುತ್ತಿರಲಿ. ಅಕ್ಕನ ಮನೆಯ ನಂಬರನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟಿದ್ದೇನೆ. ಇದು ಅಚ್ಚಾಗುವ ಮುನ್ನವೇ ಅವರು ಫೋನ್ ಮಾಡಿರಲಿ.