ಹೊತ್ತು ಮುಳುಗುವವರೆಗೆ ಕೂತಿದ್ದ ಪಾಯಗೊಂಡಣ್ಣ

ಪಾಯಗೊಂಡಣ್ಣ ಕೂತರೆಂದರೆ ಕೂತರು. ಮೂಗಿನ ಮೇಲೆ ನೊಣ ಬಂದು ಕುಳಿತರೆ ಅದೇ ಬೇಸತ್ತು ಹಾರಿಹೋಗಬೇಕು, ಅವರ ಕೈ ಏಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಸಾಮಾಯಿಕದ ಧ್ಯಾನಕ್ಕೆ ಕೂತು ಬಂದ ರೂಢಿ ಅದು. ಅವರು ಗಡಹಿಂಗ್ಲಜದ ಜೈನರು, ನಾನು ಇಚಲಕರಂಜಿಯ ನೇಕಾರರ ಹುಡುಗ. ಕೊಲ್ಹಾಪುರದ ಧಾನ್ಯ ಸರಬರಾಜು ಕಚೇರಿಯಲ್ಲಿ ಇಬ್ಬರೂ ಹಂಗಾಮಿ ಗುಮಾಸ್ತರು. ಒಂದೇ ಖೋಲಿಯಲ್ಲಿ ನಮ್ಮ ಬಿಡಾರ.

ಅವರನ್ನು ಎಬ್ಬಿಸಬಲ್ಲವನು ಸೂರ್ಯನೊಬ್ಬನೇ. ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟುತ್ತಿರಲಿಲ್ಲ. ಸಂಜೆ ಐದಾಯಿತೆಂದರೆ ಟೋಪಿ ಹಾಕಿಕೊಂಡು ಹೊರಟೇಬಿಡುವರು. ಸಾಹೇಬರು ಒಮ್ಮೆ ಗದರಿಸಿದಾಗ, "ಸಾಹೇಬ, ಸೂರ್ಯ ಥಾಂಬತ ನಾಹೀ" ಎಂದು ಮರಾಠಿಯಲ್ಲಿ ತಣ್ಣಗೆ ಹೇಳಿ ಮೆಟ್ಟಿಲಿಳಿದಿದ್ದರು. ಸೂರ್ಯ ನಿಲ್ಲುವುದಿಲ್ಲವಲ್ಲ, ಸಾಹೇಬರು ತಾನೆ ಏನು ಮಾಡಿಯಾರು?

ಮಹಾಯುದ್ಧ ಮುಗಿದು ಕಚೇರಿಯನ್ನು ಚಿಕ್ಕದು ಮಾಡುವ ಮಾತು ಬಂತು. ಸಂಖ್ಯಾಶಾಸ್ತ್ರದ ಪರೀಕ್ಷೆ ಪಾಸಾದವರಿಗೆ ಕಾಯಂ ನೌಕರಿ, ನಪಾಸಾದವರಿಗೆ ಊರ ದಾರಿ. ನಮ್ಮಪ್ಪನ ಎದೆ ಕೆಟ್ಟು ಮಗ್ಗ ನಿಂತಿತ್ತು. ಮನೆಯ ಒಲೆ ನನ್ನ ಪಗಾರದಿಂದಲೇ ಉರಿಯಬೇಕಿತ್ತು. ಪರೀಕ್ಷೆ ಚಳಿಗಾಲದ ಒಂದು ಮಧ್ಯಾಹ್ನ, ಮೂರರಿಂದ ಆರರವರೆಗೆ.

"ನಾ ಐದಕ್ಕ ಎದ್ದು ಬರಾಂವ" ಎಂದು ಪಾಯಗೊಂಡಣ್ಣ ಬೆಳಿಗ್ಗೆಯೇ ಹೇಳಿದರು. "ಊಟಾ ಬಿಟ್ಟು ಬರಿಯೂವಷ್ಟು ವಿದ್ಯಾ ನನ್ನ ತಲ್ಯಾಗಿಲ್ಲ."

ಧಾರಣೆಯ ಸರಾಸರಿ, ಸೂಚ್ಯಂಕ, ಇಷ್ಟೇ ಬರುತ್ತದೆಂದು ಎಲ್ಲರೂ ಹೇಳಿದ್ದರು. ಪ್ರಶ್ನೆಪತ್ರಿಕೆ ಬಿಚ್ಚಿದರೆ ಅವೆರಡರ ಸುಳಿವೇ ಇಲ್ಲ. ಚೀಲದಲ್ಲಿ ಕೆಂಪು, ಬಿಳಿ ಚೆಂಡುಗಳಿವೆಯಂತೆ; ನೋಡದೆ ಎರಡು ತೆಗೆದರೆ ಎರಡೂ ಕೆಂಪಾಗಿರುವ ಸಂಭವವೆಷ್ಟಂತೆ. ನಮ್ಮ ಕಚೇರಿಯಲ್ಲಿ ನಾನು ಕಂಡದ್ದು ಜೋಳದ ಚೀಲ. ಉಳಿದ ಪ್ರಶ್ನೆಗಳು ಇನ್ನೂ ಕಠಿಣ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ಹೋದರು, ಆಮೇಲೆ ಇನ್ನಿಬ್ಬರು. ಅಪ್ಪನ ಕೆಮ್ಮು ಕಿವಿಯಲ್ಲೇ ಕೇಳಿದಂತಾಗಿ ನಾನೂ ಲೇಖನಿ ಮುಚ್ಚಿದೆ.

ಪಕ್ಕದ ಬೆಂಚಿನಲ್ಲಿ ಪಾಯಗೊಂಡಣ್ಣ ಪ್ರಶ್ನೆಪತ್ರಿಕೆಯನ್ನು ಬೋರಲು ಹಾಕಿ, ತೊಡೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಬೆಳಗಿನ ಸಾಮಾಯಿಕದ ಠೀವಿಯೇ. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದು, ಪತ್ರಿಕೆ ತಿರುವಿ, ಬರೆಯತೊಡಗಿದರು. ನಾನೂ ಹಾಗೆಯೇ ಕಣ್ಣು ಮುಚ್ಚಿದೆ. ಎದೆ ಬಡಿತ ಇಳಿದ ಮೇಲೆ ಆ ಚೆಂಡುಗಳನ್ನು ನಮ್ಮ ಜೋಳದ ಚೀಲಕ್ಕೇ ಹಾಕಿ ನೋಡಿದೆ. ಒಂದನ್ನು ತೆಗೆದಿಟ್ಟರೆ ಒಳಗೆ ಉಳಿದದ್ದೆಷ್ಟು? ಅಲ್ಲಿಂದ ದಾರಿ ತೆರೆಯಿತು.

ಐದು ಹೊಡೆಯಿತು. ಅವರು ಏಳಲಿಲ್ಲ. ಬಿಸಿಲು ಗೋಡೆಯ ಮೇಲೆ ಹತ್ತುತ್ತ ಹೋಯಿತು, ಆಗಲೂ ಏಳಲಿಲ್ಲ. ಊಟ ಬಿಟ್ಟು ಇವರೇ ಕೂತಿದ್ದಾರೆಂದರೆ ಈ ಪತ್ರಿಕೆಯಲ್ಲಿ ಬರೆಯುವಂಥದ್ದು ಇನ್ನೂ ಇದೆ ಎಂದುಕೊಂಡು ಹಲ್ಲು ಕಚ್ಚಿ ಬರೆದೆ. ಅರ್ಥವಾಗದ ಪ್ರಶ್ನೆಯನ್ನೂ ಬಿಡಲಿಲ್ಲ. ಗಂಟೆ ಬಾರಿಸಿ ಹೊರಗೆ ಬರುವಾಗ ರಸ್ತೆಯಲ್ಲಿ ದೀಪ ಹತ್ತಿದ್ದವು.

"ಅಣ್ಣಾ, ಒಂದೀಟು ನೀರರೆ ಕುಡೀರಿ" ಎಂದೆ.

"ಹೊತ್ತು ಮುಳುಗೇತಿ. ಮುಂಜಾನಿ ನೋಡೂಣು."

ನಾನು ಪಾಸಾದೆ, ಅವರು ಆಗಲಿಲ್ಲ. ಊರಿಗೆ ಹೊರಡಲು ಅವರು ಹಾಸಿಗೆ ಸುತ್ತುತ್ತಿದ್ದಾಗ ತಡೆಯದೆ ಕೇಳಿದೆ, "ಆರರ ತನಕಾ ಬರದೂ ಹೆಂಗ್ರೀ ಹಿಂಗಾತು?"

"ಎಲ್ಲಿ ಬರದೆ? ನಂದು ಐದರೊಳಗ ಮುಗದಿತ್ತು."

"ಮತ್ತ ಯಾಕ ಕುಂತ್ರಿ?"

"ನೀ ಗಳಿಗಿಗೊಮ್ಮೆ ನನ್ನ ಕಡೆ ನೋಡಾಕತ್ತಿದ್ದಿ. ನಾ ಎದ್ದಿದ್ರ ನೀನೂ ಏಳ್ತಿದ್ದಿ. ಆ ಹಗ್ಗಾ ಕೊಡು ಇತ್ಲಾಗ."

ಹಗ್ಗ ಕೊಟ್ಟೆ. ನನಗೆ ಅಳು ಬಂತು, ಅವರು ಗಂಟು ಬಿಗಿಯುವುದರಲ್ಲೇ ಇದ್ದರು.

ಕೆಲವು ವರ್ಷಗಳ ಮೇಲೆ ಅವರಿಗೆ ಕಾಮಾಲೆ ವಿಪರೀತವಾಗಿದೆ ಎಂದು ತಿಳಿದು ಗಡಹಿಂಗ್ಲಜಕ್ಕೆ ಓಡಿದೆ. ನೆಟ್ಟಗೆ ಕೂಡುತ್ತಿದ್ದ ಮನುಷ್ಯ ಚಾಪೆಗೆ ಅಂಟಿಕೊಂಡಿದ್ದರು. ಕೊಲ್ಹಾಪುರಕ್ಕೆ ಸಂಜೆಯ ಮೋಟಾರು ಒಂದೇ.

"ಏಳೋ ತಮ್ಮಾ, ಗಾಡಿ ತಪ್ಪತೈತಿ" ಎಂದರು.

"ತಪ್ಪಲಿ ತಗೋರಿ" ಎಂದು ಅವರ ಕೈ ಹಿಡಿದುಕೊಂಡೆ.

ಮೋಟಾರು ಹಾರ್ನ್ ಹೊಡೆದು ಹೋಯಿತು. ಕತ್ತಲಾಯಿತು. ಅವರ ತುಟಿ ಒಣಗಿದ್ದು ಕಂಡು ಹೆಂಡತಿ, ನಮ್ಮ ವೈನಿ, ನೀರು ತಂದರು. ಅಣ್ಣ ಬೇಡವೆಂದು ತಲೆಯಲ್ಲಾಡಿಸಿದರು.

"ಮುಂಜಾನಿ ನೋಡೂಣು."

ನಾನು ಏಳಲಿಲ್ಲ. ಆ ಮುಂಜಾನೆಯನ್ನು ನಾನು ನೋಡಿದೆ, ಅವರು ನೋಡಲಿಲ್ಲ.